ಗರಿಯ ಇಂಡಿಯನ್, ಬೊಟ್ಟಿನ ಇಂಡಿಯನ್

2025ರ ಜುಲೈನಲ್ಲಿ ಅಮೆರಿಕದ ಅಧ್ಯಕ್ಷ ಡೊನಾಲ್ಡ್ ಟ್ರಂಪ್, ವಾಷಿಂಗ್ಟನ್ನಿನ ಫುಟ್‌ಬಾಲ್ ತಂಡ ತನ್ನ ಹಳೆಯ ಹೆಸರಿಗೇ ಮರಳಬೇಕೆಂದು ಒತ್ತಾಯಿಸಿದರು. 1933ರಲ್ಲಿ ಆ ತಂಡ ಇಟ್ಟುಕೊಂಡಿದ್ದ ಹೆಸರು ‘ರೆಡ್‌ಸ್ಕಿನ್ಸ್’, ಅಂದರೆ ಕೆಂಪು ತೊಗಲಿನವರು. 2020ರಲ್ಲಿ ಅದನ್ನು ಕೈಬಿಟ್ಟರು, 2022ರಲ್ಲಿ ‘ಕಮಾಂಡರ್ಸ್’ ಎಂದಾಯಿತು. ಮುಗಿಯಿತೆಂದುಕೊಂಡಿದ್ದ ಜಗಳ ಮತ್ತೆ ಎದ್ದು ಕೂತದ್ದನ್ನು ಕಂಡಾಗ ನನ್ನ ಮನಸ್ಸು ಹೋದದ್ದು ಆ ವೃತ್ತಿಪರ ತಂಡದ ಕಡೆಗಲ್ಲ, ಎಂಬತ್ತರ ದಶಕದ ಅಮೆರಿಕದ ಕಾಲೇಜು ಊರುಗಳ ಕಡೆಗೆ. ಮೈಸೂರು, ಬೆಂಗಳೂರು, ಸುರತ್ಕಲ್‌ಗಳಿಂದ ಸೂಟ್‌ಕೇಸಿನಲ್ಲಿ ಸಾರಿನ ಪುಡಿ ತುಂಬಿಕೊಂಡು ಓದಲು ಹೋದ ನಮ್ಮ ಪೀಳಿಗೆಗೆ ಆ ಊರುಗಳು ಮೊದಲು ಪರಿಚಯವಾದದ್ದು ತಂಡದ ಅಡ್ಡಹೆಸರಿನಿಂದ. ವಿಶ್ವವಿದ್ಯಾಲಯವನ್ನು ಯಾರು ಯಾವಾಗ ಕಟ್ಟಿದರು ಎಂದು ತಿಳಿಯುವ ಮೊದಲೇ ಆ ಹೆಸರು ಬಾಯಿಗೆ ಬಂದಿರುತ್ತಿತ್ತು. ಪೆಟ್ರೋಲ್ ಬಂಕಿನ ಬೋರ್ಡಿನಲ್ಲಿ, ಬೇಕರಿಯ ಗಾಜಿನ ಮೇಲೆ, ಬಸ್ಸಿನ ಪಕ್ಕೆಯಲ್ಲಿ ಅದೇ. ಪಂದ್ಯದ ಶನಿವಾರ ಊರಿಗೆ ಊರೇ ಒಂದೇ ಬಣ್ಣ ತೊಟ್ಟು ಮೈದಾನದ ಕಡೆ ಹೊರಟಾಗ ನಮ್ಮೂರ ತೇರಿನ ನೆನಪಾಗುತ್ತಿತ್ತು. ಮೊದಲ ಚಳಿಗಾಲಕ್ಕೆ ಕೊಳ್ಳುತ್ತಿದ್ದ ದಪ್ಪ ಸ್ವೆಟ್‌ಶರ್ಟಿನ ಎದೆಯ ಮೇಲೂ ಆ ಹೆಸರಿರುತ್ತಿತ್ತು. ಯಾರೂ ಗುರುತಿಸದ ನಾಡಿನಲ್ಲಿ ಆ ಬಟ್ಟೆ ತೊಟ್ಟು ಬೀದಿಗಿಳಿದರೆ ಎದುರಿಗೆ ಬಂದವರು ನಕ್ಕು ಕೈಯೆತ್ತುತ್ತಿದ್ದರು. ಆ ಬೆಚ್ಚನೆಯ ಋಣ ದೊಡ್ಡದು. ಅದನ್ನು ನೆನೆದೇ ಈ ಮಾತುಗಳನ್ನು ಹೇಳಬೇಕು, ಏಕೆಂದರೆ ಆ ಬೆಚ್ಚನೆಯ ಬೆಲೆಯನ್ನು ಬೇರೆ ಯಾರೋ ತೆರುತ್ತಿದ್ದರು. ಅದನ್ನು ಕೇಳಿ ತಿಳಿಯುವ ಗೋಜಿಗೆ ನಮ್ಮಲ್ಲಿ ಹೆಚ್ಚಿನವರು ಹೋಗಲಿಲ್ಲ.

ಅಡ್ಡಹೆಸರುಗಳಿಗೆ ಹೆದರುವವರಲ್ಲ ಕನ್ನಡಿಗರು. ಉತ್ತರ ಕರ್ನಾಟಕದಲ್ಲಂತೂ ಅಡ್ಡಹೆಸರೆಂದರೆ ಮನೆತನದ ಹೆಸರೇ. ಮೆಣಸಿನಕಾಯಿ, ಉಳ್ಳಾಗಡ್ಡಿ, ಅಕ್ಕಿ, ಬೆಲ್ಲದ ಎಂದು ಹೆಸರಿನ ಮುಂದೆ ಬರೆದುಕೊಂಡು ಜನ ತಲೆಯೆತ್ತಿ ಬದುಕುತ್ತಾರೆ. ಎಂದೋ ಯಾರೋ ಕರೆದದ್ದನ್ನು ಹೊತ್ತವರೇ ಒಪ್ಪಿ, ಮಕ್ಕಳಿಗೂ ಕೊಟ್ಟು, ತಮ್ಮದನ್ನಾಗಿ ಮಾಡಿಕೊಂಡಿದ್ದಾರೆ. ಆದ್ದರಿಂದ ಅಡ್ಡಹೆಸರು ಒರಟಾಗಿದೆ, ಹಾಸ್ಯಾಸ್ಪದವಾಗಿದೆ ಎಂಬುದು ನನಗೆ ದೂರಲ್ಲ. ಹೆಸರು ಹೊತ್ತವರಿಗೆ ‘ಬೇಡ’ ಎನ್ನುವ ಅಧಿಕಾರ ಇದೆಯೇ, ಅವರು ಹಾಗೆಂದಾಗ ಕೇಳಿಸಿಕೊಳ್ಳುವವರು ಇದ್ದಾರೆಯೇ ಎಂಬುದಷ್ಟೇ ಪ್ರಶ್ನೆ. ಅಮೆರಿಕದ ಕಾಲೇಜು ತಂಡಗಳ ಹೆಸರುಗಳಲ್ಲಿ ಕಿವಿಗೆ ಇಂಪಾದವೂ ಸಹಿಸಲಾಗದವೂ ಬೆರೆತು ಹೋಗಿವೆ. ಅವನ್ನು ಬೇರ್ಪಡಿಸಲು ಈ ಒಂದು ಪ್ರಶ್ನೆ ಸಾಕೆಂದು ಈಗ ನನಗನ್ನಿಸುತ್ತದೆ. ಆಗ ಅನ್ನಿಸಿರಲಿಲ್ಲ.

ಇಂಡಿಯಾನಾದ ಪರ್ಡ್ಯೂ ವಿಶ್ವವಿದ್ಯಾಲಯದ ತಂಡ 1891ರಲ್ಲಿ ನೆರೆಯ ವಾಬಾಶ್ ಕಾಲೇಜನ್ನು 44–0ರಿಂದ ಸೋಲಿಸಿತು. ಸೋತ ಊರಿನ ಪತ್ರಿಕೆ ಸಿಟ್ಟಿನಿಂದ ಗೆದ್ದವರನ್ನು ‘ಬಾಯ್ಲರ್ ಮಾಡುವ ದಾಂಡಿಗರು’ ಎಂದು ಜರೆಯಿತು. ಓದಿನ ಜೊತೆ ಕಾರ್ಖಾನೆಯ ಕೆಲಸ ಕಲಿಯುವ ಹುಡುಗರನ್ನು ಹೀಗಳೆಯುವ ಮಾತದು. ಪರ್ಡ್ಯೂದವರು ಅದನ್ನೇ ಎತ್ತಿಕೊಂಡು ‘ಬಾಯ್ಲರ್‌ಮೇಕರ್ಸ್’ ಎಂದು ಇಂದಿಗೂ ಮೆರೆಯುತ್ತಾರೆ. ನೋಟರ್ ಡೇಮ್ ವಿಶ್ವವಿದ್ಯಾಲಯದ ‘ಫೈಟಿಂಗ್ ಐರಿಷ್’ ಕೂಡ ಐರಿಷ್ ವಲಸಿಗರನ್ನು ಜಗಳಗಂಟರೆಂದು ಹಂಗಿಸುತ್ತಿದ್ದ ಕಾಲದ್ದು. 1927ರಲ್ಲಿ ಅದನ್ನು ಅಧಿಕೃತವಾಗಿ ಒಪ್ಪಿಕೊಂಡ ಅಧ್ಯಕ್ಷರು ಐರಿಷ್ ಮೂಲದ ಪಾದ್ರಿಯಾಗಿದ್ದ ಮ್ಯಾಥ್ಯೂ ವಾಲ್ಷ್. ಆ ಮನೆಯಲ್ಲಿ ಯಜಮಾನರೂ ಅವರೇ, ಹೆಸರೂ ಅವರದೇ. ಸಾಂತಾ ಕ್ರೂಜಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಆಡಳಿತದವರು ‘ಸಮುದ್ರ ಸಿಂಹ’ವನ್ನು ಆರಿಸಿದ್ದರೆ, ವಿದ್ಯಾರ್ಥಿಗಳು 1986ರಲ್ಲಿ ಮತ ಹಾಕಿ ಅಲ್ಲಿನ ಕಾಡಿನ ಹಳದಿ ಗೊಂಡೆಹುಳುವನ್ನೇ, ‘ಬನಾನಾ ಸ್ಲಗ್’ ಅನ್ನೇ ಉಳಿಸಿಕೊಂಡರು. ಕಾಲಿಲ್ಲದ, ಚಿಪ್ಪಿಲ್ಲದ, ಯಾರ ಮೇಲೂ ಏರಿಹೋಗದ ಆ ಜೀವಿಯನ್ನು ತಮ್ಮ ಗುರುತಾಗಿ ಆರಿಸಿಕೊಂಡ ಹುಡುಗರ ಬಗ್ಗೆ ನನಗೆ ಪ್ರೀತಿಯಿದೆ. ಇವರೆಲ್ಲ ಹೆಸರನ್ನು ತಮ್ಮ ತಲೆಯ ಮೇಲೆ ತಾವೇ ಇಟ್ಟುಕೊಂಡವರು. ‘ಐರಿಷ್ ಹೆಸರು ನಡೆಯುವುದಾದರೆ ಇಂಡಿಯನ್ ಹೆಸರೇಕೆ ನಡೆಯಬಾರದು’ ಎಂದು ಕೇಳುವವರಿಗೆ ಉತ್ತರವೂ ಇಲ್ಲೇ ಇದೆ.

ಅಲ್ಲಿನ ಮೂಲನಿವಾಸಿಗಳ ಹೆಸರು ತಂಡಗಳ ಅಂಗಿಯ ಮೇಲೆ ಬಂದದ್ದು ಹೇಗೆಂದು ನೋಡಬೇಕು. 1879ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಕಾರ್ಲೈಲ್ ಎಂಬ ವಸತಿಶಾಲೆ ಶುರುವಾಯಿತು. ಮೂಲನಿವಾಸಿ ಮಕ್ಕಳನ್ನು ತಾಯಿತಂದೆಯರಿಂದ ದೂರ ತಂದು, ಕೂದಲು ಕತ್ತರಿಸಿ, ಅವರ ನುಡಿ ಬಿಡಿಸಿ ‘ನಾಗರಿಕ’ರನ್ನಾಗಿ ಮಾಡುವುದು ಅದರ ಗುರಿ. ಮೊದಲ ತಂಡದಲ್ಲೇ ಅಲ್ಲಿಗೆ ಹೋದ ಲಕೋಟ ಬಾಲಕ ಲೂಥರ್ ಸ್ಟ್ಯಾಂಡಿಂಗ್ ಬೇರ್ ಮುಂದೆ ಬರೆದ ಆತ್ಮಕಥೆಯಲ್ಲಿ ತನಗೆ ಹೆಸರು ಬಂದ ಬಗೆಯನ್ನು ಹೇಳಿದ್ದಾರೆ. ಕಪ್ಪು ಹಲಗೆಯ ಮೇಲೆ ಇಂಗ್ಲಿಷ್ ಹೆಸರುಗಳನ್ನು ಬರೆದಿದ್ದರು. ಓದಲು ಬಾರದ ಮಗು ಕೋಲಿನಿಂದ ಒಂದನ್ನು ಮುಟ್ಟಿ ತೋರಿಸಬೇಕಿತ್ತು. ಮುಟ್ಟಿದ ಹೆಸರು ಅಂಗಿಯ ಬೆನ್ನಿಗೆ ಹತ್ತಿತು. ಕಾರ್ಲೈಲ್ ಮುಚ್ಚಿದ್ದು 1918ರಲ್ಲಿ. ಅದಾಗಿ ಹತ್ತು ವರ್ಷ ತುಂಬುವ ಮೊದಲೇ, 1926ರಲ್ಲಿ, ಇಲಿನಾಯ್ ವಿಶ್ವವಿದ್ಯಾಲಯದ ಮೈದಾನದಲ್ಲಿ ಗರಿಗಳ ಕಿರೀಟ ತೊಟ್ಟ ಬಿಳಿಯ ವಿದ್ಯಾರ್ಥಿಯೊಬ್ಬ ‘ಚೀಫ್ ಇಲಿನಿವೆಕ್’ ಎಂದು ಕುಣಿದ. 1930ರಲ್ಲಿ ಸ್ಟ್ಯಾನ್‌ಫರ್ಡ್ ‘ಇಂಡಿಯನ್ಸ್’ ಆಯಿತು. ಅದೇ ಹೊತ್ತಿಗೆ ಉತ್ತರ ಡಕೋಟ ವಿಶ್ವವಿದ್ಯಾಲಯ ‘ಫ್ಲಿಕರ್‌ಟೇಲ್ಸ್’ ಎಂಬ ಅಳಿಲಿನ ಹೆಸರನ್ನು ಬಿಟ್ಟು ‘ಸೂ’ ಆಯಿತು. ಮಕ್ಕಳಿಂದ ಅವರ ಹೆಸರನ್ನು ಕಿತ್ತುಕೊಂಡ ದೇಶವೇ, ಅವರ ಕುಲದ ಹೆಸರನ್ನು ಚೆಂಡಾಟಕ್ಕೆ ಇಟ್ಟುಕೊಂಡಿತು. ಈ ಎರಡನ್ನೂ ಒಂದರ ಪಕ್ಕ ಒಂದಿಟ್ಟು ನೋಡಿದ ಮೇಲೆ ‘ಬರೀ ಆಟ ತಾನೆ’ ಎಂಬ ಮಾತು ನನ್ನ ಬಾಯಲ್ಲಿ ಮತ್ತೆ ಬಂದಿಲ್ಲ.

ಇದು ಗೌರವ, ಅವರ ಶೌರ್ಯಕ್ಕೆ ಸಲ್ಲಿಸಿದ ನಮನ ಎಂದು ಹಳೆಯ ಹೆಸರಿನ ಪಕ್ಷದವರು ಹೇಳುತ್ತಾರೆ. ಅವರಲ್ಲಿ ಬಹುಮಂದಿ ಅದನ್ನು ನಂಬಿಯೇ ಹೇಳುತ್ತಾರೆ. ಇಲಿನಾಯಿನಲ್ಲಿ ‘ಚೀಫ್’ ಮೈದಾನಕ್ಕಿಳಿದಾಗ ಜನ ಎದ್ದು ನಿಂತು ಕಣ್ಣೀರು ಹಾಕುತ್ತಿದ್ದದ್ದು ನಟನೆಯಲ್ಲ. ಆದರೆ ಆ ವೇಷ ಇಲಿನಾಯ್ ಜನಾಂಗದ್ದಾಗಿರಲಿಲ್ಲ. 1982ರ ಹೊತ್ತಿಗೆ ತೊಟ್ಟ ಉಡುಪು ದೂರದ ಬಯಲುಸೀಮೆಯ ಲಕೋಟರದು. ಇಲಿನಾಯ್ ಕೂಟದ ವಂಶಸ್ಥರಾದ ಪಿಯೋರಿಯಾ ಜನ ಆ ಹೊತ್ತಿಗೆ ಓಕ್ಲಹೋಮಾದಲ್ಲಿದ್ದರು, ಅವರನ್ನು ಅಲ್ಲಿಯವರೆಗೆ ತಳ್ಳಿಯಾಗಿತ್ತು. ಅವರನ್ನು ಕೇಳದೆ ಅವರ ಹೆಸರಿನಲ್ಲಿ, ಅವರದಲ್ಲದ ಬಟ್ಟೆಯಲ್ಲಿ, ಅವರದಲ್ಲದ ಕುಣಿತ ನಡೆಯಿತು. ಸ್ಪೋಕೇನ್ ಕುಲದ ಕಲಾವಿದೆ ಶಾರ್ಲೀನ್ ಟೀಟರ್ಸ್ ಎಂಬತ್ತರ ದಶಕದ ಕೊನೆಯಲ್ಲಿ ಅಲ್ಲಿಗೆ ಓದಲು ಬಂದು, ಕ್ರೀಡಾಂಗಣದ ಹೊರಗೆ ಒಬ್ಬರೇ ಫಲಕ ಹಿಡಿದು ನಿಂತರು. ಸುತ್ತ ಸಾಗುತ್ತಿದ್ದ ಜನ ಅವರನ್ನು ಬೈದರು, ಉಗಿದರು. ಮೂಲನಿವಾಸಿಗಳನ್ನು ಗೌರವಿಸುತ್ತಿದ್ದೇವೆ ಎಂದವರೇ ಆ ಜನರ ಹೆಣ್ಣುಮಗಳೊಬ್ಬಳನ್ನು ನಡೆಸಿಕೊಂಡ ರೀತಿ ಇದು. ಗೌರವದ ವಾದಕ್ಕೆ ಇದಕ್ಕಿಂತ ಬೇರೆ ಪರೀಕ್ಷೆ ಬೇಕಿಲ್ಲ. ಪಿಯೋರಿಯಾದವರು 2000ದಲ್ಲಿ ಈ ವೇಷ ನಿಲ್ಲಿಸಿ ಎಂದು ಕೇಳಿದರೂ, ‘ಚೀಫ್’ ಕೊನೆಯ ಬಾರಿ ಕುಣಿದದ್ದು 2007ರ ಫೆಬ್ರವರಿಯಲ್ಲಿ.

ಕರ್ನಾಟಕದಿಂದ ಹೋದ ನಮಗೆ ಈ ಮಾತು ಬೇಗ ಹೊಳೆಯಬೇಕಿತ್ತು. ‘ಹರಿಜನ’ ಎಂಬುದೂ ಗೌರವವೆಂದೇ ಕೊಟ್ಟ ಹೆಸರು, ಕೊಟ್ಟವರ ಮನಸ್ಸಿನ ಶುದ್ಧಿಯನ್ನು ಯಾರೂ ಅನುಮಾನಿಸಬೇಕಿಲ್ಲ. ಆದರೂ ಎಪ್ಪತ್ತರ ದಶಕದಲ್ಲಿ ಕರ್ನಾಟಕದ ದಲಿತ ಚಳವಳಿ ಅದನ್ನು ಬೇಡವೆಂದಿತು, ‘ದಲಿತ’ ಎಂಬ ಹೆಸರನ್ನು ತಾನೇ ಎತ್ತಿಕೊಂಡಿತು. ಇನ್ನೊಬ್ಬರು ಇಟ್ಟ ಸಿಹಿ ಹೆಸರಿಗಿಂತ ತಾವೇ ಆರಿಸಿದ, ನೋವನ್ನು ಮುಚ್ಚಿಡದ ಹೆಸರು ಮೇಲು ಎಂಬ ಪಾಠ ನಮ್ಮ ಕಾಲೇಜು ದಿನಗಳಲ್ಲೇ, ನಮ್ಮ ಬೀದಿಗಳಲ್ಲೇ ನಡೆದಿತ್ತು. ಅದನ್ನು ಕೇಳಿಸಿಕೊಂಡಿದ್ದರೆ, ಕಡಲಾಚೆಯ ಊರಿನಲ್ಲಿ ಫಲಕ ಹಿಡಿದು ನಿಂತ ಮೂಲನಿವಾಸಿಗಳನ್ನು ನಾವು ಅಷ್ಟು ಸಲೀಸಾಗಿ ದಾಟಿ ಹೋಗುತ್ತಿರಲಿಲ್ಲ. ‘ಇದು ಅವರ ದೇಶದ ಜಗಳ, ನಮಗೇಕೆ’ ಎಂಬುದು ಆಗ ನಮ್ಮ ನೆವ. ಆದರೆ ಅದು ನಮ್ಮ ಜಗಳವೂ ಆಗಿತ್ತು. ‘ಇಂಡಿಯನ್’ ಎಂಬ ಪದವನ್ನೇ ಅವರು ಹೊತ್ತದ್ದು ಕೊಲಂಬಸನ ತಪ್ಪಿನಿಂದ. ನಮ್ಮ ದೇಶದ ಹೆಸರು ಅವರ ಕೊರಳಿಗೆ ಬಿದ್ದಿತ್ತು. ಅಲ್ಲಿ ‘ನಾನು ಇಂಡಿಯನ್’ ಎಂದರೆ ‘ಬೊಟ್ಟಿನವರೋ ಗರಿಯವರೋ’ ಎಂದು ಕೇಳುವ ವಾಡಿಕೆಯಿತ್ತು. ಇಬ್ಬರನ್ನೂ ಹಣೆಯ ಮೇಲಿನ, ತಲೆಯ ಮೇಲಿನ ಒಂದು ಗುರುತಿಗೆ ಇಳಿಸುವ ಆ ಮಾತಿಗೆ ನಮ್ಮವರು ನಕ್ಕು ‘ಬೊಟ್ಟಿನವರು’ ಎನ್ನುತ್ತಿದ್ದರು. 1987ರಲ್ಲಿ ನ್ಯೂಜೆರ್ಸಿಯ ಜೆರ್ಸಿ ಸಿಟಿಯಲ್ಲಿ ‘ಡಾಟ್‌ಬಸ್ಟರ್ಸ್’ ಎಂದು, ಅದೇ ಬೊಟ್ಟಿನ ಮೇಲೆ ಹೆಸರಿಟ್ಟುಕೊಂಡ ಗುಂಪೊಂದು ಭಾರತೀಯರನ್ನು ಓಡಿಸುವುದಾಗಿ ಬೆದರಿಸಿತು. ಆ ವರ್ಷ ಆ ಸುತ್ತಮುತ್ತ ಭಾರತೀಯರ ಮೇಲೆ ಹಲ್ಲೆಗಳು ನಡೆದವು, ಪ್ರಾಣವೂ ಹೋಯಿತು. ಬೊಟ್ಟಿನ ಹೆಸರು ಕಹಿಯಾದಾಗ ನಮಗೆ ತಟ್ಟಿತು. ಗರಿಯ ಹೆಸರು ಅಂಗಿಯ ಮೇಲಿದ್ದಾಗ ತಟ್ಟಲಿಲ್ಲ. ಕನ್ನಡದಲ್ಲಿ ಈಗಲೂ ‘ರೆಡ್ ಇಂಡಿಯನ್’ ಎಂಬ ಪದ ಎಗ್ಗಿಲ್ಲದೆ ಓಡಾಡುತ್ತದೆ. ಶಾಲೆಗಳ ಛದ್ಮವೇಷ ಸ್ಪರ್ಧೆಯಲ್ಲಿ ಮಗುವಿನ ತಲೆಗೆ ಬಣ್ಣದ ಗರಿ ಸಿಕ್ಕಿಸಿ ಅದೇ ಹೆಸರು ಕೂಗುತ್ತಾರೆ. ಹಾಗೆ ಮಾಡುವವರಿಗೆ ದ್ವೇಷವಿಲ್ಲ, ನಮಗೂ ಇರಲಿಲ್ಲ.

ಎಲ್ಲಕ್ಕಿಂತ ಕಷ್ಟದ ಆಕ್ಷೇಪ ಒಪ್ಪಿಗೆಯದು. ಮೂಲನಿವಾಸಿಗಳೇ ಒಪ್ಪಿದ್ದರೆ? 2016ರಲ್ಲಿ ವಾಷಿಂಗ್ಟನ್ ಪೋಸ್ಟ್ ನಡೆಸಿದ ಸಮೀಕ್ಷೆಯಲ್ಲಿ, ತಮ್ಮನ್ನು ಮೂಲನಿವಾಸಿಗಳೆಂದು ಹೇಳಿಕೊಂಡ ಹತ್ತರಲ್ಲಿ ಒಂಬತ್ತು ಮಂದಿ ‘ರೆಡ್‌ಸ್ಕಿನ್ಸ್’ ಹೆಸರಿನಿಂದ ಬೇಸರವಿಲ್ಲ ಎಂದಿದ್ದರು. ಅದನ್ನು ಬದಿಗೆ ತಳ್ಳುವುದು ಪ್ರಾಮಾಣಿಕವಾಗದು. ಆದರೆ ಫೋನಿನಲ್ಲಿ ಸಿಕ್ಕ ಒಬ್ಬೊಬ್ಬರ ಬೇಸರವನ್ನು ಅಳೆಯುವುದು ಬೇರೆ, ಒಂದು ಜನಾಂಗ ಕೂತು ಮಾತಾಡಿ ತನ್ನ ಹೆಸರಿನ ಬಗ್ಗೆ ತೀರ್ಮಾನಿಸುವುದು ಬೇರೆ. ಹೆಸರು ಒಬ್ಬಿಬ್ಬರದಲ್ಲ, ಕುಲದ್ದು. ಫ್ಲಾರಿಡಾದ ಸೆಮಿನೋಲ್ ಜನ ಹಾಗೆ ತೀರ್ಮಾನಿಸಿ, ಫ್ಲಾರಿಡಾ ಸ್ಟೇಟ್ ವಿಶ್ವವಿದ್ಯಾಲಯ ತಮ್ಮ ಹೆಸರು ಬಳಸಬಹುದು ಎಂದರು. ಆದ್ದರಿಂದಲೇ 2005ರಲ್ಲಿ ಕಾಲೇಜು ಕ್ರೀಡೆಗಳ ರಾಷ್ಟ್ರೀಯ ಸಂಸ್ಥೆ ಎನ್‌ಸಿಎಎ ಇಂಥ ಹೆಸರುಗಳ ಮೇಲೆ ನಿರ್ಬಂಧ ಹೇರಿದಾಗ ಆ ವಿಶ್ವವಿದ್ಯಾಲಯಕ್ಕೆ ವಿನಾಯಿತಿ ಸಿಕ್ಕಿತು. ಯೂಟ ವಿಶ್ವವಿದ್ಯಾಲಯಕ್ಕೆ ಯೂಟ್ ಜನರ ಒಪ್ಪಿಗೆಯಿಂದ ಅದೇ ಆಯಿತು. ಇವುಗಳ ಬಗ್ಗೆ ನನಗೆ ತಕರಾರಿಲ್ಲ. ನನ್ನ ಅಭಿರುಚಿ ಅಲ್ಲಿ ಲೆಕ್ಕಕ್ಕಿಲ್ಲ. ಉತ್ತರ ಡಕೋಟದ್ದು ಮಾತ್ರ ಮನಸ್ಸನ್ನು ಕಲಕುವ ಕಥೆ. ‘ಸೂ’ ಎಂಬುದು ನೆರೆಯವರ ಬಾಯಿಂದ ಫ್ರೆಂಚರ ಬಾಯಿಗೆ ಬಂದು ಮೊಟಕಾದ ಪದ, ಆ ಜನ ತಮ್ಮನ್ನು ಡಕೋಟ, ಲಕೋಟ ಎಂದು ಕರೆದುಕೊಳ್ಳುತ್ತಾರೆ. ಆ ವಿಶ್ವವಿದ್ಯಾಲಯಕ್ಕೆ ಹಾಕಿ ಕ್ರೀಡಾಂಗಣ ಕಟ್ಟಿಸಿಕೊಡುತ್ತಿದ್ದ ಶ್ರೀಮಂತ ದಾನಿ 2000ದ ಕೊನೆಯಲ್ಲಿ, ಹೆಸರು ಬದಲಾದರೆ ಕಟ್ಟಡ ಅರ್ಧಕ್ಕೆ ನಿಲ್ಲುತ್ತದೆ ಎಂದು ಪತ್ರ ಬರೆದರು. ಹೆಸರು ಉಳಿಯಿತು. ಕ್ರೀಡಾಂಗಣದ ಕಲ್ಲು, ಹಿತ್ತಾಳೆ, ಕುರ್ಚಿಗಳಲ್ಲೆಲ್ಲ ಸಾವಿರಗಟ್ಟಲೆ ಆ ಲಾಂಛನ ಕೆತ್ತಲಾಯಿತು. ಸ್ಪಿರಿಟ್ ಲೇಕ್ ಮೀಸಲು ಪ್ರದೇಶದ ಜನ 2009ರಲ್ಲಿ ಮತ ಹಾಕಿ ಹೆಸರಿರಲಿ ಎಂದರು, ಸ್ಟ್ಯಾಂಡಿಂಗ್ ರಾಕ್‌ನವರು ಒಪ್ಪಲಿಲ್ಲ. 2011ರಲ್ಲಿ ರಾಜ್ಯದ ಶಾಸನಸಭೆ ಹೆಸರನ್ನು ಕಾಯಲು ಕಾಯ್ದೆಯನ್ನೇ ಮಾಡಿತು. ಕೊನೆಗೆ 2012ರ ಜನಮತಗಣನೆಯಲ್ಲಿ ರಾಜ್ಯದ ಮತದಾರರೇ ಭಾರೀ ಬಹುಮತದಿಂದ ಹೆಸರನ್ನು ಬಿಡಲು ಒಪ್ಪಿದರು. ಸ್ಪಿರಿಟ್ ಲೇಕಿನವರ ಒಪ್ಪಿಗೆ ಸುಳ್ಳಲ್ಲ. ಆದರೆ ಇಬ್ಬರ ಹೆಸರನ್ನು ಒಬ್ಬರ ಒಪ್ಪಿಗೆಯ ಮೇಲೆ, ಅದೂ ದಾನಿಯ ಬೆದರಿಕೆಯ ನೆರಳಿನಲ್ಲಿ, ಉಳಿಸಿಕೊಳ್ಳುವುದು ನ್ಯಾಯವಲ್ಲ.

ಇದೇ ಅಳತೆಗೋಲನ್ನು ಇನ್ನೊಂದು ಬಗೆಯ ಹೆಸರಿಗೂ ಹಿಡಿಯಬೇಕು. ಅದರ ಬಗ್ಗೆ ಗದ್ದಲ ಕಡಿಮೆ, ಕಿರಿಕಿರಿ ಕಡಿಮೆಯಿಲ್ಲ. ಶಿಕ್ಷಣದಲ್ಲಿ ಲಿಂಗಭೇದವನ್ನು ನಿಷೇಧಿಸಿದ 1972ರ ಟೈಟಲ್ ನೈನ್ ಕಾಯ್ದೆಯ ನಂತರ ಹೆಣ್ಣುಮಕ್ಕಳ ತಂಡಗಳು ಬೆಳೆದಾಗ ಅವಕ್ಕೆ ಹೊಸ ಹೆಸರು ಹುಡುಕುವ ಶ್ರಮವನ್ನು ಎಷ್ಟೋ ಕಾಲೇಜುಗಳು ತೆಗೆದುಕೊಳ್ಳಲಿಲ್ಲ. ಗಂಡಸರ ಹೆಸರಿನ ಹಿಂದೆ ‘ಲೇಡಿ’ ಸೇರಿಸಿ ಕೈತೊಳೆದುಕೊಂಡವು. ಟಗರಿನ ಹೆಸರಿದ್ದಲ್ಲಿ ‘ಲೇಡಿ ರ‍್ಯಾಮ್ಸ್’, ಕಾಳಗದ ಹುಂಜವಿದ್ದಲ್ಲಿ ‘ಲೇಡಿ ಗೇಮ್‌ಕಾಕ್ಸ್’. ಹಳ್ಳಿಯಲ್ಲಿ ಬೆಳೆದ ಕನ್ನಡಿಗರಿಗೆ ಹೆಣ್ಣು ಟಗರು, ಹೆಣ್ಣು ಹುಂಜ ಎಂಬುದು ಕಿವಿಗೆ ಮುಳ್ಳಿನಂತೆ ಚುಚ್ಚುತ್ತದೆ. ಅದಕ್ಕಿಂತ ಚುಚ್ಚಬೇಕಾದದ್ದು ಹಿಂದಿನ ಊಹೆ: ಬರೀ ಹೆಸರು ಗಂಡಸರದು, ಗುರುತು ಹಚ್ಚಿಕೊಳ್ಳಬೇಕಾದವರು ಹೆಂಗಸರು. ಲೂಯಿಸಿಯಾನಾ ಟೆಕ್‌ನಲ್ಲಿ 1974ರಲ್ಲಿ ಮಹಿಳಾ ಬ್ಯಾಸ್ಕೆಟ್‌ಬಾಲ್ ತಂಡ ಕಟ್ಟಿದ ಸೋನ್ಯಾ ಹಾಗ್ ‘ಲೇಡಿ ಬುಲ್‌ಡಾಗ್ಸ್’ ಎಂದು ಕರೆಸಿಕೊಳ್ಳಲು ಒಪ್ಪದೆ ‘ಲೇಡಿ ಟೆಕ್‌ಸ್ಟರ್ಸ್’ ಎಂಬ ಬೇರೆಯೇ ಹೆಸರಿಟ್ಟರು. 1982ರಲ್ಲಿ ಎನ್‌ಸಿಎಎಯ ಮೊತ್ತಮೊದಲ ಮಹಿಳಾ ಬ್ಯಾಸ್ಕೆಟ್‌ಬಾಲ್ ಪ್ರಶಸ್ತಿ ಗೆದ್ದದ್ದು ಆ ತಂಡವೇ. ಟೆನ್ನೆಸೀಯಲ್ಲಿ ಆದದ್ದು ತಿರುವುಮುರುವು. ಅಲ್ಲಿನ ಆಡಳಿತ ‘ಲೇಡಿ ವಾಲ್ಸ್’ ಹೆಸರನ್ನು ಬ್ಯಾಸ್ಕೆಟ್‌ಬಾಲ್ ಬಿಟ್ಟು ಉಳಿದ ಆಟಗಳಿಂದ ತೆಗೆದಾಗ ಆಟಗಾರ್ತಿಯರೇ ಪ್ರತಿಭಟಿಸಿದರು. ಪ್ಯಾಟ್ ಸಮಿಟ್ ಅವರ ತರಬೇತಿಯಲ್ಲಿ ಎಂಟು ರಾಷ್ಟ್ರೀಯ ಪ್ರಶಸ್ತಿ ಗೆದ್ದ ಹೆಸರದು, ತಾವು ಬೆವರು ಸುರಿಸಿ ಸಂಪಾದಿಸಿದ್ದು ಎಂದರು. 2017ರಲ್ಲಿ ಹೆಸರು ಮರಳಿ ಬಂತು. ನನಗೆ ‘ಲೇಡಿ’ ಎಂಬ ಬಾಲ ಹಿಡಿಸದು, ಆದರೂ ಅದು ಮರಳಿದ್ದು ಸರಿ ಎಂದೇ ಹೇಳುತ್ತೇನೆ. ಹೊತ್ತವರು ಕೇಳಿದರು, ಕೊಟ್ಟರು.

ಹೆಸರು ಬದಲಾದರೆ ನೆನಪು ಸಾಯುತ್ತದೆ ಎಂಬ ಅಳಲೂ ಇದೆ. ಆ ಹೆಸರಿನಲ್ಲೇ ಯೌವನ ಕಳೆದವರು, ಆ ಹೆಸರು ಕೂಗುತ್ತಲೇ ಪ್ರೀತಿಸಿದವರು, ಅಪ್ಪನ ಭುಜದ ಮೇಲೆ ಕೂತು ಪಂದ್ಯ ನೋಡಿದವರು ಹೀಗೆನ್ನುತ್ತಾರೆ. ಇದು ನನಗೂ ಅರ್ಥವಾಗುತ್ತದೆ. ಹೊಸ ಹೆಸರುಗಳು ಒಮ್ಮೊಮ್ಮೆ ಸಪ್ಪೆ ಎಂಬುದೂ ನಿಜ. ಸ್ಟ್ಯಾನ್‌ಫರ್ಡ್ 1972ರಲ್ಲಿ ‘ಇಂಡಿಯನ್ಸ್’ ಬಿಟ್ಟು, ಕೊನೆಗೆ 1981ರಲ್ಲಿ ‘ಕಾರ್ಡಿನಲ್’ ಎಂಬ ಒಂದು ಬಣ್ಣಕ್ಕೆ ಬಂದು ನಿಂತಿತು. 1994ರಲ್ಲಿ ‘ವಾರಿಯರ್ಸ್’ ಬಿಟ್ಟ ಮಾರ್ಕೆಟ್ ವಿಶ್ವವಿದ್ಯಾಲಯ 2005ರಲ್ಲಿ ‘ಗೋಲ್ಡ್’ ಎಂದು ಸಾರಿ, ಜನರ ಸಿಟ್ಟಿಗೆ ಮಣಿದು ಕೆಲವೇ ವಾರಗಳಲ್ಲಿ ಹಿಂದಿನ ‘ಗೋಲ್ಡನ್ ಈಗಲ್ಸ್’ಗೆ ಹಿಂತಿರುಗಿತು. ಆದರೆ ಸ್ಟ್ಯಾನ್‌ಫರ್ಡಿನ ಯಾವ ಗೆಲುವೂ ಈ ಅರ್ಧ ಶತಮಾನದಲ್ಲಿ ಬಣ್ಣಗೆಟ್ಟಿಲ್ಲ. ಇಂದು ಅಲ್ಲಿ ಓದುವವರ ನೆನಪಿನ ಸ್ವೆಟ್‌ಶರ್ಟೂ ಅಷ್ಟೇ ಬೆಚ್ಚಗಿರುತ್ತದೆ. ಪ್ರೀತಿ ಹತ್ತಿದ್ದು ಊರಿಗೆ, ಗೆಳೆಯರಿಗೆ, ಆ ಶನಿವಾರಗಳಿಗೆ. ಹೆಸರಿಗೆ ಅಂಟಿಕೊಂಡಿದ್ದೇವೆ ಎಂದು ನಾವು ತಪ್ಪು ತಿಳಿದಿದ್ದೆವು.

ಓಹಾಯೋದಲ್ಲಿ 1809ರಲ್ಲಿ ಹುಟ್ಟಿದ ವಿಶ್ವವಿದ್ಯಾಲಯವೊಂದರ ಹೆಸರೇ ಮಯಾಮಿ. ಆ ಸೀಮೆಯಲ್ಲಿ ನೆಲೆಸಿದ್ದ ಮಯಾಮಿಯಾ ಜನರ ಹೆಸರು ಅದು. ಆ ಜನರನ್ನು 1846ರಲ್ಲಿ ಬಲವಂತವಾಗಿ ಪಶ್ಚಿಮಕ್ಕೆ ಕಳಿಸಲಾಯಿತು, ಅವರ ಸರ್ಕಾರ ಈಗ ಓಕ್ಲಹೋಮಾದಲ್ಲಿದೆ. ವಿಶ್ವವಿದ್ಯಾಲಯದ ತಂಡ ಬಹುಕಾಲ ‘ರೆಡ್‌ಸ್ಕಿನ್ಸ್’ ಆಗಿತ್ತು, ಅದಕ್ಕೆ 1972ರಲ್ಲಿ ಮಯಾಮಿಯಾ ಜನ ಲಿಖಿತ ಒಪ್ಪಿಗೆ ಕೊಟ್ಟಿದ್ದರು. 1996ರಲ್ಲಿ ಅವರು ಮತ್ತೆ ಕೂತು ಯೋಚಿಸಿ ಒಪ್ಪಿಗೆಯನ್ನು ಹಿಂತೆಗೆದುಕೊಂಡರು. ಒಮ್ಮೆ ಹೂಂ ಎಂದವರು ಎಂದೆಂದಿಗೂ ಹೂಂ ಎನ್ನಬೇಕಿಲ್ಲ, ಕೊಟ್ಟವರಿಗೆ ಮರಳಿ ಕೇಳುವ ಹಕ್ಕಿದೆ. ವಿಶ್ವವಿದ್ಯಾಲಯ ಒಪ್ಪಿತು. 1997ರಿಂದ ಅದರ ತಂಡ ‘ರೆಡ್‌ಹಾಕ್ಸ್’. ಮುಖ ತಿರುಗಿಸಿಕೊಂಡು ದೂರವಾಗುವ ಬದಲು ಇಬ್ಬರೂ ಇನ್ನಷ್ಟು ಹತ್ತಿರವಾದರು. ಮಯಾಮಿಯಾ ನುಡಿಯನ್ನು ತಾಯ್ನುಡಿಯಾಗಿ ಆಡುತ್ತಿದ್ದ ಕೊನೆಯವರು ಇಪ್ಪತ್ತನೆಯ ಶತಮಾನದ ನಡುವಿನಲ್ಲೇ ಕಣ್ಮರೆಯಾಗಿದ್ದರು, ಉಳಿದದ್ದು ಹಳೆಯ ಪಾದ್ರಿಗಳು, ವಿದ್ವಾಂಸರು ಬರೆದಿಟ್ಟ ಕಾಗದಗಳು. ಆ ಕುಲದವರೇ ಆದ ಡ್ಯಾರಿಲ್ ಬಾಲ್ಡ್ವಿನ್ ಅವುಗಳಿಂದ ನುಡಿಯನ್ನು ಕಲಿತು, ಮನೆಯಲ್ಲಿ ಮಕ್ಕಳೊಂದಿಗೆ ಆಡಿ, 2001ರಲ್ಲಿ ಅದೇ ವಿಶ್ವವಿದ್ಯಾಲಯದಲ್ಲಿ ಅದನ್ನು ಮತ್ತೆ ಎಬ್ಬಿಸುವ ಕೆಲಸ ಶುರುಮಾಡಿದರು. ಅದು ಈಗ ಮಯಾಮಿಯಾ ಕೇಂದ್ರ. ಹಿಂದೆ ಕೆಂಪು ತೊಗಲಿನ ಹೆಸರು ಕೂಗುತ್ತಿದ್ದ ಆವರಣದಲ್ಲಿ ಇಂದು ಆ ಕುಲದ ಮಕ್ಕಳು ವಿದ್ಯಾರ್ಥಿಗಳಾಗಿ ಬಂದು ತಮ್ಮ ಅಜ್ಜಿಯರ ಮಾತನ್ನು ಅಕ್ಷರ ಅಕ್ಷರವಾಗಿ ಕಲಿಯುತ್ತಾರೆ. ಕುಲಕ್ಕೂ ವಿಶ್ವವಿದ್ಯಾಲಯಕ್ಕೂ ಇರುವ ಈ ನಂಟನ್ನು ಇಬ್ಬರೂ ಕರೆಯುವುದು ಮಯಾಮಿಯಾ ನುಡಿಯ ಒಂದು ಪದದಿಂದ: ‘ನೀಪ್ವಾಂತೀಂಕಿ’, ಒಬ್ಬರಿಂದ ಒಬ್ಬರು ಕಲಿಯುವುದು.